ನಮ್ಮ ಪಾಸ್ಟ್ರಿಗೆ ಪಾಠ ಹೇಳೋರು ಯಾರು ಅಂತ ನಮಗೂ ಹೇಳಿ: ದೈವಶಾಸ್ತ್ರ ಕಾಲೇಜುಗಳಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಕನ್ನಡ ನಾಡಿನ ದೈವಶಾಸ್ತ್ರ ಕಾಲೇಜುಗಳ ಪ್ರಿನ್ಸಿಪಾಲರಿಗೆ, ಪಾಸ್ಟರ್, ಫಾದರ್‌ಗಳನ್ನ ತಯಾರು ಮಾಡೋ ಸೆಮಿನರಿಗಳನ್ನ ನಡೆಸೋ ಗುರುಗಳಿಗೆ, ಆಡಳಿತ ಮಂಡಳಿಯ ಹಿರಿಯರಿಗೆ, ಕೊಡಗಿನ ಸಿದ್ದಾಪುರ ಕಡೆಯ ಒಬ್ಬ ಸಂಡೇ ಸ್ಕೂಲ್ ಟೀಚರ್ ಮಾಡೋ ನಮಸ್ಕಾರಗಳು.

ಈ ಪತ್ರನ ನಿಮ್ಮ ಆಫೀಸಿಗೇ ಕಳಿಸಬಹುದಿತ್ತು. ಆದ್ರೆ ಇದು ನನ್ನೊಬ್ಬಳ ಮಾತಲ್ಲ, ಆರಾಧನೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ನಿಂತು ನಾವೆಲ್ಲ ಆಡೋ ಮಾತು, ಜೊತೆಗೆ ಕ್ರೈಸ್ತರಲ್ಲದ ಅಕ್ಕಪಕ್ಕದವರೂ ಕೇಳಿಸ್ಕೊಂಡ್ರೆ ಒಳ್ಳೇದು ಅನ್ಸಿದ್ದಕ್ಕೆ ಎಲ್ಲರ ಮುಂದೆ ಇಡ್ತಾ ಇದ್ದೀನಿ. ಕೇಳೋದು ಇಷ್ಟು: ನಿಮ್ಮಲ್ಲಿ ಪಾಠ ಹೇಳೋ ಪ್ರೊಫೆಸರ್‌ಗಳು ಯಾರು, ಎಂಥಾ ಊರಿಂದ ಎಂಥಾ ಮನೆಯಿಂದ ಬಂದವರು, ಯಾವ ಪ್ರಶ್ನೆ ಹಿಡ್ಕೊಂಡು ವರ್ಷಗಟ್ಟಲೆ ಓದ್ತಾ ಇದ್ದಾರೆ ಅನ್ನೋದನ್ನ ನಮಗೆ ಕನ್ನಡದಲ್ಲಿ ಹೇಳಿ, ಆಮೇಲೆ ಆ ಓದನ್ನ ಘಾಟಿ ಹತ್ತಿಸಿ ನಮ್ಮ ತನಕ ತನ್ನಿ.

ಇದು ಯಾಕೆ ತಲೇಲಿ ಕೂತ್ಕೊಳ್ತು ಅಂದ್ರೆ, ನಮ್ಮ ಸಭೆಯ ಒಬ್ಬ ಹುಡುಗ ಬಿ.ಡಿ. ಅನ್ನೋ ದೈವಶಾಸ್ತ್ರದ ಡಿಗ್ರಿ ಓದ್ಬೇಕು, ಪಾಸ್ಟರ್ ಆಗ್ಬೇಕು ಅಂತ ಆಸೆಪಟ್ಟು ಒಂದು ಕಾಲೇಜಿನ ಪ್ರಾಸ್ಪೆಕ್ಟಸ್ ತರಿಸ್ಕೊಂಡಿದ್ದ. ಅವರಪ್ಪ ತೋಟದಲ್ಲಿ ಲೆಕ್ಕ ಬರೆಯೋ ರೈಟರು, ಅಮ್ಮ ಅದೇ ತೋಟದಲ್ಲಿ ಕೆಲಸಕ್ಕೆ ಹೋಗೋರು. ಅದರಲ್ಲಿ ಅಧ್ಯಾಪಕರ ಪುಟ ಅಂತ ಒಂದಿತ್ತು. ಅಂಚೆಚೀಟಿಯಷ್ಟು ಫೋಟೋ, ಹೆಸರಿನ ಹಿಂದೆ ರೆವರೆಂಡ್ ಡಾಕ್ಟರ್, ಹೆಸರಿನ ಮುಂದೆ ಡಿಗ್ರಿಗಳ ಸಾಲು, ಕೆಳಗೆ ವಿಭಾಗದ ಹೆಸರು, ಅಷ್ಟೇ, ಅದೂ ಪೂರ್ತಿ ಇಂಗ್ಲಿಷ್‌ನಲ್ಲಿ. ಆ ತಾಯಿ ಪುಟದ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ತೋರಿಸಿ ಕೇಳಿದ್ರು, ಟೀಚರಮ್ಮಾ, ಇವರು ಎಲ್ಲಿಯವರು, ಇವರು ನನ್ನ ಮಗನಿಗೆ ಏನ್ ಕಲಿಸ್ತಾರೆ ಅಂತ. ಡಿಗ್ರಿಗಳನ್ನ ಬಿಡಿಸಿ ಹೇಳಿದೆ. ಅದು ಅವರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ ಅಂತ ಅವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಮಗನ್ನ ನಾಲ್ಕೈದು ವರ್ಷ ಯಾರ ಕೈಗೆ ಒಪ್ಪಿಸ್ತಾ ಇದ್ದೀನಿ ಅಂತ ಕೇಳೋ ಹಕ್ಕು ತಾಯಿಗಿದೆ. ಆ ಮಗ ವಾಪಸ್ ಬಂದು ನಮ್ಮ ಪ್ರಸಂಗಪೀಠದಲ್ಲಿ ನಿಲ್ತಾನಲ್ಲ, ಹಾಗಾಗಿ ಕೇಳೋ ಹಕ್ಕು ಸಭೆಗೂ ಇದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಪ್ರೊಟೆಸ್ಟೆಂಟ್ ಕಡೆ ಬಹಳಷ್ಟು ದೈವಶಾಸ್ತ್ರ ಕಾಲೇಜುಗಳು ಡಿಗ್ರಿ ಕೊಡೋದು ಬಂಗಾಳದ ಸೆರಾಂಪುರದ ಸೆನೆಟ್ ಮೂಲಕ. ಸೆರಾಂಪುರದ ಕಾಲೇಜು ಶುರುವಾಗಿದ್ದು 1818ರಲ್ಲಿ, ಆಗ ಆ ಊರು ಡೆನ್ಮಾರ್ಕ್‌ನವರ ಕೈಯಲ್ಲಿತ್ತು, 1827ರಲ್ಲಿ ಅಲ್ಲಿಯ ರಾಜನ ಸನ್ನದು ಸಿಕ್ಕಿದ ಮೇಲೆ ಡಿಗ್ರಿ ಕೊಡೋ ಅಧಿಕಾರ ಬಂತು. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಇವೆಲ್ಲ ಆ ಬಳಗದವು. ಕಥೋಲಿಕರದ್ದು ಬೇರೆ ದಾರಿ. ಮೊದಲು ತತ್ವಶಾಸ್ತ್ರ, ಆಮೇಲೆ ದೈವಶಾಸ್ತ್ರ, ಓದೋಕೇ ಎಷ್ಟೋ ವರ್ಷ ಹಿಡಿಯುತ್ತೆ, ಪಾಠ ಮಾಡೋ ಫಾದರ್‌ಗಳಲ್ಲಿ ಎಷ್ಟೋ ಜನ ರೋಮ್‌ಗೋ ಬೆಲ್ಜಿಯಂನ ಲೂವೆನ್‌ಗೋ ಹೋಗಿ ಡಾಕ್ಟರೇಟ್ ಮಾಡ್ಕೊಂಡು ಬಂದಿರ್ತಾರೆ. ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಷ್ಟು ಹಳೇದು, ಬೆಂಗಳೂರಿನಲ್ಲಿ ಮಲ್ಲೇಶ್ವರದ ಸಂತ ಪೀಟರ್ ಸೆಮಿನರಿ ಇದೆ, ಧರ್ಮಾರಾಮ್ ಇದೆ. ನಮ್ಮ ಕೊಡಗಿನ ಕಥೋಲಿಕರು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರ್ತಾರೆ, ಪ್ರೊಟೆಸ್ಟೆಂಟರಲ್ಲಿ ಸಿ.ಎಸ್.ಐ.ನವರು (ಚರ್ಚ್ ಆಫ್ ಸೌತ್ ಇಂಡಿಯಾ) ಮಂಗಳೂರಿನ ಬಲ್ಮಠದಲ್ಲಿ ಕಚೇರಿ ಇರೋ ದಕ್ಷಿಣ ಸಭಾಪ್ರಾಂತ್ಯಕ್ಕೆ. ಅಂದ್ರೆ ವಿರಾಜಪೇಟೆ, ಮಡಿಕೇರಿ, ಅಮ್ಮತ್ತಿ, ಸುಂಟಿಕೊಪ್ಪದಲ್ಲಿ ಭಾನುವಾರ ಕೇಳೋ ಪ್ರಸಂಗ ಹುಟ್ಟೋದು ಮಂಗಳೂರು ಬೆಂಗಳೂರಿನ ಆ ಕ್ಲಾಸ್ ರೂಮುಗಳಲ್ಲಿ.

ಈಗ ಹಳೇ ಕಥೆಗೆ ಬರ್ತೀನಿ, ಯಾಕಂದ್ರೆ ಕೊಡಗಿನವರಾದ ನಮಗೆ ಸೆಮಿನರಿ ಮೇಷ್ಟ್ರುಗಳು ಹೊಸಬರಲ್ಲ. ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ ಜರ್ಮನಿಯಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಓದಿ 1836ರಲ್ಲಿ ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಮಿಶನರಿ ಸಂಸ್ಥೆ ಪರವಾಗಿ ಮಂಗಳೂರಿಗೆ ಬಂದ್ರು. ಅಲ್ಲಿ ಊರಿನ ಹುಡುಗರನ್ನ ಉಪದೇಶಕರಾಗಿ ತಯಾರು ಮಾಡೋ ಶಾಲೆ ಕಟ್ಟಿದವರಲ್ಲಿ ಅವರೇ ಮುಖ್ಯ, ಇವತ್ತಿನ ಬಲ್ಮಠದ ಕಾಲೇಜಿನ ಬೇರು ಅಲ್ಲಿದೆ. ಅವರು ಬರೀ ಸತ್ಯವೇದ (ಬೈಬಲ್) ಕಲಿಸ್ಕೊಂಡು ಕೂತಿರ್ಲಿಲ್ಲ. 1843ರಲ್ಲಿ ಮಂಗಳೂರ ಸಮಾಚಾರ ಅನ್ನೋ ಪತ್ರಿಕೆ ಶುರು ಮಾಡಿದ್ರು, ಕನ್ನಡದ ಮೊದಲ ಪತ್ರಿಕೆ ಅಂತ ನಾವು ಶಾಲೇಲಿ ಓದಿದ್ದು ಅದನ್ನೇ, ಆಮೇಲೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದ ಇವನ್ನೆಲ್ಲ ತಾಳೆಗರಿಯಿಂದ ಎತ್ತಿ ಕಲ್ಲಚ್ಚಿನಲ್ಲಿ ಪ್ರಿಂಟ್ ಹಾಕಿಸಿದ್ರು. ಬೇರೆ ಧರ್ಮದ ಪುಸ್ತಕಗಳನ್ನ ಒಬ್ಬ ಮಿಶನರಿ ಅಷ್ಟು ಆಸ್ಥೆಯಿಂದ ಅಚ್ಚು ಹಾಕಿಸಿದ್ದು ಸಣ್ಣ ಮಾತಲ್ಲ, ಅದೇ ಕೆಲಸಕ್ಕೆ ಟ್ಯೂಬಿಂಗನ್‌ನವರು 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ರು. ಆ ಹೊತ್ತಿಗೆ ಅವರು ಎಲ್ಲಿದ್ರು ಗೊತ್ತಾ, ನಮ್ಮ ಕೊಡಗಿನಲ್ಲಿ! 1850ರ ದಶಕದಲ್ಲಿ ಇಲ್ಲಿಗೆ ಬಂದು, 1855ರಲ್ಲಿ ಕೊಡಗಿನ ಚರಿತ್ರೆ, ಜನ, ಆಚಾರಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಒಂದು ಪುಸ್ತಕ ಬರೆದು, ಅಮ್ಮತ್ತಿ ಸಿದ್ದಾಪುರ ಕಡೆಯ ಆನಂದಪುರದಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳಿಗೆ ನೆಲೆ ಮಾಡಿಕೊಟ್ರು. ಅವರಲ್ಲಿ ಒಪ್ಪದ ವಿಷಯಗಳೂ ಇವೆ, ನಮ್ಮ ಹಿರಿಯರ ನಂಬಿಕೆಗಳ ಬಗ್ಗೆ ಕಟುವಾಗಿ ಬರೆದಿದ್ದಾರೆ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ಆದ್ರೆ ಅವರು ಯಾರು, ಎಲ್ಲಿಂದ ಬಂದ್ರು, ಏನ್ ಓದಿದ್ರು ಅಂತ ನಮಗೆ ಗೊತ್ತಿರೋದ್ರಿಂದಲೇ ಒಪ್ಪೋದನ್ನ ಒಪ್ಪಿ ಬಿಡೋದನ್ನ ಬಿಡೋಕೆ ಆಗ್ತಾ ಇದೆ.

ಫರ್ಡಿನಾಂಡ್ ಕಿಟ್ಟೆಲ್ ಅಂದ್ರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತೆ, ಸುಮಾರು 70,000 ಪದಗಳದ್ದು. ಆ ಮಹಾನುಭಾವರು ಮಡಿಕೇರಿಯಲ್ಲೂ ಇದ್ರು ಅನ್ನೋದು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಕೊಡವರ ನಂಬಿಕೆಗಳ ಬಗ್ಗೆ 1873ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಗೆ ಲೇಖನ ಬರೆದಿದ್ದು ಅವರೇ. ಇನ್ನು ಮಡಿಕೇರಿಯ ಸೆಂಟ್ರಲ್ ಸ್ಕೂಲ್ ನೋಡ್ಕೊಂಡಿದ್ದ ಜಿ. ರಿಕ್ಟರ್ 1870ರಲ್ಲಿ ಕೊಡಗಿನ ಮ್ಯಾನುಯಲ್ ಬರೆದ್ರು, ಇವತ್ತಿಗೂ ಕೊಡಗಿನ ಬಗ್ಗೆ ಥೀಸಿಸ್ ಬರೆಯೋರು ಅದನ್ನ ಮುಟ್ಟದೆ ಮುಂದೆ ಹೋಗಲ್ಲ. ಇವರೆಲ್ಲ ಮಳೆಗಾಲದಲ್ಲಿ ಜಿಗಣೆ ಕಚ್ಚಿಸ್ಕೊಂಡು ಇಲ್ಲೇ ಇದ್ದು ಬರೆದವರು.

ಬಿಳಿ ದೊರೆಗಳ ಕಥೆ ಮಾತ್ರ ಹೇಳ್ತಾ ಇಲ್ಲ ನಾನು. ಹರ್ಮನ್ ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ 1825ರಲ್ಲಿ ಹುಟ್ಟಿ, 1844ರಲ್ಲಿ ದೀಕ್ಷಾಸ್ನಾನ ತಗೊಂಡು, ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾಸ್ಟರ್ ಆಗಿ ವಾಪಸ್ ಬಂದು ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದವರು. ಮನೆ ಬಿಟ್ಟು ಜಾತಿ ಬಿಟ್ಟು ಬಂದ ಒಬ್ಬ ಮನುಷ್ಯ ಪ್ರೇಷಿತ ಪೌಲನ ಪತ್ರಗಳನ್ನ ಪಾಠ ಮಾಡೋದಕ್ಕೂ, ಅಂಥಾದ್ದೇನೂ ಕಳ್ಕೊಳ್ಳದೆ ಇರೋ ಮನುಷ್ಯ ಪಾಠ ಮಾಡೋದಕ್ಕೂ ಫರಕು ಇದ್ದೇ ಇರುತ್ತೆ. ಅದೇ ಸೆಮಿನರಿಯಲ್ಲಿ ಕಲಿತ ಧಾರವಾಡ ಕಡೆಯ ಉತ್ತಂಗಿ ಚನ್ನಪ್ಪನವರು ಪಾಸ್ಟರ್ ಆಗಿದ್ದುಕೊಂಡೇ ಊರೂರು ಅಲೆದು ಸರ್ವಜ್ಞನ ವಚನಗಳನ್ನ ಒಟ್ಟು ಮಾಡಿ 1924ರಲ್ಲಿ ಹೊರಗೆ ತಂದ್ರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ್ರು. ಒಬ್ಬ ಪಾಸ್ಟರ್ ಕನ್ನಡಿಗರೆಲ್ಲರಿಗೂ ಬೇಕಾದವರಾದ್ರು. ಅಂಥವರಿಗೆ ಆ ರುಚಿ ಹತ್ತಿಸಿದ ಕ್ಲಾಸ್ ರೂಮುಗಳು ಅವು, ಅಂತ ನಾನು ಅಭಿಮಾನದಿಂದ ಹೇಳ್ತೀನಿ.

ಇನ್ನೊಬ್ಬರ ಹೆಸರು ಹೇಳ್ದೆ ಮುಂದೆ ಹೋಗೋಕಾಗಲ್ಲ. ಸ್ಟಾನ್ಲಿ ಸಮರ್ಥ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ್ದು, ಪಾಸ್ಟರ್ ಮನೆಯ ಮಗ, ಸುತ್ತ ಜೈನರ ಬಸದಿ, ಗೋಮಟ, ವೆಂಕಟರಮಣ ದೇವಸ್ಥಾನ, ಭೂತದ ಕೋಲ. ಅಮೆರಿಕದಲ್ಲಿ ಓದು ಮುಗಿಸಿ ಬಂದು ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದ್ರು, ಪ್ರಿನ್ಸಿಪಾಲರಾದ್ರು, ಆಮೇಲೆ ಬೆಂಗಳೂರು, ಸೆರಾಂಪುರ. 1971ರಲ್ಲಿ ಜಿನೀವಾದಲ್ಲಿರೋ ಸಭೆಗಳ ಜಾಗತಿಕ ಒಕ್ಕೂಟ ಬೇರೆ ಧರ್ಮದವರ ಜೊತೆ ಮಾತುಕತೆಗೆ ಅಂತಲೇ ಒಂದು ವಿಭಾಗ ತೆರೆದಾಗ ಅದಕ್ಕೆ ಮೊದಲ ನಿರ್ದೇಶಕರಾಗಿ ಹೋದವರು ಇವರೇ. ಕಾರ್ಕಳದಲ್ಲಿ ಬೆಳೆದ ಹುಡುಗನಿಗೆ ಅಕ್ಕಪಕ್ಕದ ಮನೆಯವರ ದೇವರು ಯಾವತ್ತೂ ಪುಸ್ತಕದ ವಿಷಯ ಆಗಿರ್ಲಿಲ್ಲ, ದಿನಾ ನೋಡೋ ವಿಷಯ ಆಗಿತ್ತು, ಅದಕ್ಕೇ ಅವರು ಕೇಳಿದ ಪ್ರಶ್ನೆಗಳಿಗೆ ಅಷ್ಟು ತೂಕ. ಇದನ್ನ ಒಂದು ಡಿಗ್ರಿ ಸಾಲಿನಲ್ಲಿ ಹೇಳೋಕಾಗುತ್ತಾ ಹೇಳಿ?

ಅಕ್ಕಪಕ್ಕದವರ ದೇವರನ್ನ ನಾವು ಹೇಗೆ ಕಾಣ್ಬೇಕು ಅನ್ನೋ ಆ ಪ್ರಶ್ನೆ ಕೊಡಗಿನಲ್ಲಿ ಇನ್ನೂ ಬಿಸಿಯಾಗೇ ಇದೆ. ನಮ್ಮ ಪಕ್ಕದ ಐನ್‌ಮನೆಯಲ್ಲಿ, ಅಂದ್ರೆ ಕೊಡವರ ಮನೆತನದ ಮೂಲಮನೆಯಲ್ಲಿ, ಮನೆತನದ ಮೂಲಪುರುಷ ಕಾರಣಂಗೆ ದೀಪ ಇಡ್ತಾರೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರ್ತಾರೆ, ಎಮ್ಮೆಮಾಡಿನ ದರ್ಗಾ ಉರೂಸಿಗೆ ಎಲ್ಲರೂ ಹೋಗ್ತಾರೆ, ಕುಶಾಲನಗರ ದಾಟಿ ಹೊಳೆಯಾಚೆ ಬೈಲಕುಪ್ಪೆಗೆ ಹೋದ್ರೆ ನಾಮ್‌ಡ್ರೋಲಿಂಗ್‌ನಲ್ಲಿ ಸಾವಿರಾರು ಬೌದ್ಧ ಸನ್ಯಾಸಿಗಳು ಕೂತು ತಮ್ಮ ಶಾಸ್ತ್ರ ಓದ್ತಾ ಇದ್ದಾರೆ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚ್ ಇರೋ ಸಭೆಗೆ ಜಾಗ ಕೊಟ್ಟವನೇ ದೊಡ್ಡ ವೀರರಾಜೇಂದ್ರ, ಲಿಂಗಾಯತ ಅರಸು, ಟಿಪ್ಪು ಕಾಲದಲ್ಲಿ ಓಡಿ ಬಂದ ಕಥೋಲಿಕರಿಗೆ ನೆಲೆ ಕೊಟ್ಟಿದ್ದು. ಇಂಥಾ ಊರಿಗೆ ಬರೋ ಪಾಸ್ಟರ್‌ಗೆ ಸೆಮಿನರಿಯಲ್ಲಿ ಧರ್ಮಗಳ ಅಧ್ಯಯನ ಅಂತ ಒಂದು ವಿಭಾಗ ಪಾಠ ಹೇಳಿರುತ್ತೆ. ಹೇಳಿದ ಪ್ರೊಫೆಸರ್ ಉಪನಿಷತ್ತು ಓದ್ಕೊಂಡವರಾ, ಊರದೇವತೆಗಳನ್ನ ಹತ್ತಿರದಿಂದ ನೋಡಿದವರಾ, ಇಸ್ಲಾಂ ಓದಿದವರಾ ಅನ್ನೋದರ ಮೇಲೆ ನಮ್ಮ ಪಾಸ್ಟರು ಪಕ್ಕದ ಮನೆಯ ಸಾವಿಗೆ ಹೋಗಿ ನಡುಮನೆಯಲ್ಲಿ ಕೂರ್ತಾರಾ, ಇಲ್ಲಾ ಗೇಟಿನ ಹತ್ರನೇ ನಿಂತ್ಕೊಂಡು ಬರ್ತಾರಾ ಅನ್ನೋದು ನಿಂತಿದೆ. ಎರಡೂ ಥರದವರನ್ನ ನಾವು ನೋಡಿದ್ದೀವಿ.

2018ರ ಆಗಸ್ಟ್ ಬಗ್ಗೆ ಸ್ವಲ್ಪ ಹೆಚ್ಚೇ ಬರೀತೀನಿ, ಕ್ಷಮೆ ಇರಲಿ. ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಗುಡ್ಡಕ್ಕೆ ಗುಡ್ಡನೇ ಜಾರಿ ಮನೆ, ತೋಟ, ದನ, ಜನ ಎಲ್ಲ ಹೋದಾಗ ಗಂಜಿ ಕೇಂದ್ರಗಳಲ್ಲಿ ಕೆಲಸಕ್ಕೆ ಅಂತ ನಾವೂ ಹೋಗಿದ್ವಿ. ಅಕ್ಕಿ, ಬೆಡ್‌ಶೀಟ್, ಔಷಧಿ ಎಲ್ಲ ಬಂತು, ಯಾವುದಕ್ಕೂ ಕಮ್ಮಿ ಇರ್ಲಿಲ್ಲ. ರಾತ್ರಿ ಆದ್ಮೇಲೆ ಜನ ಕೇಳ್ತಿದ್ದಿದ್ದು ಒಂದೇ, ನಾವೇನು ಪಾಪ ಮಾಡಿದ್ವಿ ಅಂತ. ಹಿಂದೂಗಳೂ ಕೇಳಿದ್ರು, ಮುಸ್ಲಿಮರೂ ಕೇಳಿದ್ರು, ನಮ್ಮವರೂ ಕೇಳಿದ್ರು. ಹೊರಗಿಂದ ಬಂದಿದ್ದ ಒಬ್ಬ ಬೋಧಕರು ಅಲ್ಲೇ, ತಾಯಿ ಕಳ್ಕೊಂಡ ಹುಡುಗಿಯ ಮುಂದೆ, ಇದು ದೇವರ ಕೋಪ, ತಿರುಗಿಕೊಳ್ಳಿ ಅಂತ ಶುರು ಮಾಡಿದ್ರು. ಆ ಹುಡುಗಿ ಎದ್ದು ಗೋಡೆ ಕಡೆ ಮುಖ ಮಾಡಿ ಕೂತ್ಕೊಂಡ್ಲು. ಅದೇ ಕೇಂದ್ರದಲ್ಲಿ ಎರಡು ದಿನ ಬಿಟ್ಟು ಬಂದ ಇನ್ನೊಬ್ಬ ಯುವ ಪಾಸ್ಟರು, ಆಗಷ್ಟೇ ಬಿ.ಡಿ. ಮುಗಿಸಿದ್ದವರು, ಏನೂ ಬೋಧನೆ ಮಾಡ್ಲಿಲ್ಲ, ಸುಮ್ನೆ ಕೂತು ಲೂಕನ ಸುವಾರ್ತೆ 13ನೇ ಅಧ್ಯಾಯ ತೆಗೆದು ಓದಿದ್ರು. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತ ಸುದ್ದಿ ಅದು, ಸತ್ತವರು ಉಳಿದವರಿಗಿಂತ ದೊಡ್ಡ ಅಪರಾಧಿಗಳು ಅಂತ ತಿಳ್ಕೊಂಡ್ರಾ, ಅಲ್ಲ ಅಂತ ಯೇಸು ಹೇಳೋ ಭಾಗ. ಆಮೇಲೆ ಪ್ರಲಾಪಗಳ ಪುಸ್ತಕ ತೆಗೆದ್ರು. ಯೆರೂಸಲೇಮ್ ಪಟ್ಟಣ ಕ್ರಿ.ಪೂ. 6ನೇ ಶತಮಾನದಲ್ಲಿ ನಾಶವಾದಾಗ ಜನ ಅತ್ತ ಅಳು ಅದರಲ್ಲಿದೆ, ಐದು ಅಧ್ಯಾಯದಲ್ಲಿ ನಾಲ್ಕು ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳ ಕ್ರಮದಲ್ಲೇ ಹೋಗುತ್ತಂತೆ, ದುಃಖನ ಮೊದಲ ಅಕ್ಷರದಿಂದ ಕೊನೇ ಅಕ್ಷರದ ತನಕ ಪೂರ್ತಿ ಹೇಳಿ ಮುಗಿಸಿದ ಹಾಗೆ. ಇದನ್ನೆಲ್ಲ ಎಲ್ಲಿ ಕಲಿತ್ರಿ ಅಂತ ಆಮೇಲೆ ಕೇಳಿದ್ದಕ್ಕೆ ಅವರು ಹೇಳಿದ್ದು, ನಮ್ಮ ಹಳೆ ಒಡಂಬಡಿಕೆ ಸರ್ ಅಳುವಿನ ಕೀರ್ತನೆಗಳ ಮೇಲೇ ಡಾಕ್ಟರೇಟ್ ಮಾಡಿದವರು, ಕ್ಲಾಸಿನಲ್ಲಿ ಬೇರೆ ಯಾವ ಪಾಠಕ್ಕೂ ಇಷ್ಟು ಟೈಮ್ ಕೊಡ್ತಿರ್ಲಿಲ್ಲ ಅಂತ.

ಆ ಸರ್ ಯಾರೋ ನನಗೆ ಗೊತ್ತಿಲ್ಲ. ಅವರು ಕೊಡಗಿಗೆ ಬಂದಿದ್ದಾರೋ ಇಲ್ವೋ ಅದೂ ಗೊತ್ತಿಲ್ಲ. ಆದ್ರೆ ಯಾವುದೋ ಲೈಬ್ರರಿಯಲ್ಲಿ ಕೂತು ಹೀಬ್ರೂ ಓದಿದ ಅವರ ಓದು ಜೋಡುಪಾಲದ ಹುಡುಗಿಯ ಮುಂದೆ ಬಂದು ಕೂತಿದ್ದನ್ನ ನಾನು ನೋಡಿದ್ದೀನಿ. ಹೀಗಿರುವಾಗ ಪ್ರೊಫೆಸರ್‌ಗಳ ಆಸಕ್ತಿ ಏನು ಅನ್ನೋದು ಕಾಲೇಜಿನ ಒಳಗಿನ ವಿಷಯ, ನಿಮಗ್ಯಾಕೆ ಅಂತ ಯಾರೂ ನಮಗೆ ಹೇಳ್ಬೇಡಿ. 2019ರಲ್ಲಿ ತೋರದಲ್ಲಿ ಗುಡ್ಡ ಬಿತ್ತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆನೇ ಹೋಯ್ತು. ಪ್ರತಿ ಮಳೆಗಾಲ ನಮಗೆ ಆ ಪ್ರಶ್ನೆ ಎದುರು ಬರುತ್ತೆ. ಸೃಷ್ಟಿ, ಪರಿಸರ, ಮಣ್ಣು ಇದರ ಮೇಲೆ ದೈವಶಾಸ್ತ್ರ ಬರೆದ ಅಧ್ಯಾಪಕರು ನಿಮ್ಮಲ್ಲಿ ಇದ್ರೆ ಅವರ ಹೆಸರು ನಮಗೆ ಗೊತ್ತಿರ್ಬೇಕು, ಗುಡ್ಡ ಕಡಿದು ರೆಸಾರ್ಟ್ ಕಟ್ಟೋ ಬಗ್ಗೆ, ಆನೆ ತೋಟಕ್ಕೆ ನುಗ್ಗಿ ಕೂಲಿಯವರು ಸಾಯೋ ಬಗ್ಗೆ ಅವರ ಹತ್ರ ನಾವು ಕೇಳ್ಬೇಕು, ಅವರೂ ನಮ್ಮ ಹತ್ರ ಕೇಳ್ಬೇಕು.

ಇನ್ನು ಜಾತಿ ವಿಷಯ. ಹಿನ್ನೆಲೆ ಅಂದ ತಕ್ಷಣ ಕೆಲವರು ಮುಖ ಹಿಂಡ್ತಾರೆ, ಕ್ರಿಸ್ತನಲ್ಲಿ ಎಲ್ಲ ಒಂದೇ, ಯಾವ ಮನೆಯಿಂದ ಬಂದ್ರು ಅಂತ ಯಾಕೆ ಕೇಳ್ತೀರಿ ಅಂತಾರೆ. ನಾನು ಕೇಳೋದು ಜಾತಿ ಸರ್ಟಿಫಿಕೇಟ್ ಅಲ್ಲ. ಅರವಿಂದ ನಿರ್ಮಲ್ ಅಂತ ಒಬ್ಬ ಪ್ರೊಫೆಸರ್ ಇದ್ರು, ಮಹಾರಾಷ್ಟ್ರ ಮೂಲದವರು, ದಲಿತ ಹಿನ್ನೆಲೆಯವರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅವರು ಮಾಡಿದ ಒಂದು ಭಾಷಣದಿಂದ ದಲಿತ ದೈವಶಾಸ್ತ್ರ ಅನ್ನೋ ಒಂದು ದಾರಿನೇ ತೆರೀತು ಅಂತಾರೆ. ಭಾರತದ ದೈವಶಾಸ್ತ್ರ ಅಂದ್ರೆ ಅಲ್ಲಿ ತನಕ ವೇದಾಂತದ ಜೊತೆ ಮಾತಾಡೋದು ಅಂತಲೇ ಆಗಿತ್ತು, ಸಭೆಯಲ್ಲಿ ಕೂತ ಬಹುಪಾಲು ಜನರ ಅಜ್ಜ ಮುತ್ತಜ್ಜಂದಿರನ್ನ ವೇದದ ಹತ್ತಿರಕ್ಕೂ ಬಿಟ್ಟಿರ್ಲಿಲ್ಲ. ನಿರ್ಮಲ್ ಅವರು ಸತ್ಯವೇದದ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಹಿಡ್ಕೊಂಡ್ರು, ನನ್ನ ಮೂಲಪುರುಷ ಅಲೆಮಾರಿ ಅರಾಮ್ಯ ಅಂತ ಇಸ್ರಾಯೇಲರು ಬೆಳೆಯ ಮೊದಲ ಫಲ ತಂದಾಗ ಹೇಳೋ ಮಾತು ಅದು, ಹಾಗೇ ದಲಿತ ಕ್ರೈಸ್ತನೂ ತನ್ನ ಹಿರಿಯರು ಎಲ್ಲಿಂದ ಬಂದ್ರು ಅಂತ ತಲೆ ಎತ್ತಿ ಹೇಳ್ಬೇಕು ಅಂದ್ರು. ಆ ಮಾತು ಬೇರೆ ಯಾವ ಮನೆಯಿಂದ ಬಂದವರಿಗೂ ಅಷ್ಟು ಸುಲಭಕ್ಕೆ ಹೊಳೆಯೋದಲ್ಲ. ಅದೇ ಕಾಲೇಜಿನಲ್ಲಿ ಪಾಠ ಹೇಳ್ತಿದ್ದ ಸತ್ಯನಾಥನ್ ಕ್ಲಾರ್ಕ್ ತಮಿಳುನಾಡಿನ ಪರೈಯರ ತಮಟೆ ಮೇಲೆ ಅಧ್ಯಯನ ಮಾಡಿ 1998ರಲ್ಲಿ ಪುಸ್ತಕ ತಂದ್ರು, ಓದು ಬರಹ ಕೊಡದೆ ಇಟ್ಟ ಜನ ದೇವರ ಬಗ್ಗೆ ತಮ್ಮ ಅರಿವನ್ನ ತಮಟೆಯಲ್ಲಿ ಇಟ್ಕೊಂಡಿದ್ರು ಅನ್ನೋದು ಅವರ ವಾದ.

ಇದನ್ನ ಓದಿದಾಗ ನನಗೆ ಮೈ ಜುಮ್ ಅಂದಿದ್ದು, ಯಾಕಂದ್ರೆ ಕೊಡಗಿನ ಮದುವೆ, ಸಾವು, ಹಬ್ಬ ಎಲ್ಲದಕ್ಕೂ ವಾಲಗ ಊದಿ ಡೋಲು ಬಡಿಯೋರು ಯಾರು ಅಂತ ನಮಗೆಲ್ಲ ಗೊತ್ತು. ನಮ್ಮ ಸಭೆಯ ಎಷ್ಟೋ ಕುಟುಂಬಗಳು ಅದೇ ಹಟ್ಟಿಗಳಿಂದ ಬಂದವು. ಆ ಮನೆಯ ಹುಡುಗರು ಚರ್ಚ್ ಕ್ವಾಯರ್‌ನಲ್ಲಿ ಕೀಬೋರ್ಡ್ ನುಡಿಸ್ತಾರೆ, ಡೋಲನ್ನ ಮಾತ್ರ ಗುಡಿ ಕಡೆಯದ್ದು ಅಂತ ಹೇಳಿ ಒಳಗೆ ಬಿಡ್ಲಿಲ್ಲ ನಾವು. ಇದು ಸರಿನಾ ತಪ್ಪಾ ಅಂತ ಚರ್ಚೆ ಮಾಡೋಕೆ ನಮಗೆ ಆ ಪುಸ್ತಕ ಬೇಕಿತ್ತು, ಆ ಪ್ರೊಫೆಸರ್ ಬೇಕಿತ್ತು, ಬೆಂಗಳೂರು ಇಲ್ಲಿಗೆ ಅಷ್ಟೇನೂ ದೂರ ಇಲ್ಲ, ಆದ್ರೂ ಆ ಮಾತು ನಮ್ಮ ಕಿವಿಗೆ ಬೀಳೋಕೆ ಇಷ್ಟು ವರ್ಷ ಹಿಡೀತು. ತೋಟದ ಕೂಲಿಯವರು ಇರೋ ಲೈನ್ ಮನೆಗಳಲ್ಲಿ ಪಣಿ ಎರವರು, ಜೇನು ಕುರುಬರು, ತಮಿಳು ಕಡೆಯಿಂದ ಬಂದವರು, ಈಗ ಅಸ್ಸಾಂ ಕಡೆಯವರೂ ಇದ್ದಾರೆ. ಮನೆ ಕೂಟಕ್ಕೆ ಹೋದ್ರೆ ಒಂದೇ ಜಗಲಿಯಲ್ಲಿ ಕನ್ನಡ, ತುಳು, ಮಲಯಾಳ, ತಮಿಳು, ಎರವರ ಮಾತು ಎಲ್ಲ ಕೇಳ್ಸುತ್ತೆ, ಲೈಟ್ ಹೋದ್ರೆ ಮೊಬೈಲ್ ಟಾರ್ಚ್ ಹಿಡ್ಕೊಂಡು ಸತ್ಯವೇದ ಓದ್ತಾರೆ, ಕಾಳು ಕುಯ್ದು ಕೈಯೆಲ್ಲ ಕಪ್ಪಾದ ಹೆಂಗಸರು ಕೊನೇಲಿ ಹಿಂದೆ ಕೂತಿರ್ತಾರೆ, ಯಾಕಂದ್ರೆ ಅವರು ಇನ್ನೂ ಅಡುಗೆ ಮಾಡ್ಬೇಕು. ಇಂಥಾ ಜಗಲಿಯಿಂದ ಎದ್ದು ಹೋಗಿ ದೈವಶಾಸ್ತ್ರ ಪ್ರೊಫೆಸರ್ ಆದವರು ನಿಮ್ಮಲ್ಲಿ ಯಾರಾದ್ರೂ ಇದ್ದಾರಾ? ಇದ್ರೆ ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಿ, ನಮ್ಮ ಮಕ್ಕಳು ನೋಡ್ಲಿ. ಇಲ್ಲ ಅಂದ್ರೆ ಯಾಕಿಲ್ಲ ಅಂತ ಆಡಳಿತ ಮಂಡಳಿ ಕೂತು ಯೋಚನೆ ಮಾಡ್ಲಿ.

ಹೆಂಗಸರ ವಿಷಯ ಬಂದಿದ್ದಕ್ಕೆ ಒಂದು ಮಾತು. ಸಿ.ಎಸ್.ಐ.ನಲ್ಲಿ ಹೆಂಗಸರು ಪಾಸ್ಟರ್ ಆಗ್ತಾರೆ, 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಬಿಷಪ್ಪೂ ಆದ್ರು. ಪ್ರೊಫೆಸರ್ ಆಗಿರೋ ಹೆಂಗಸರೂ ಇದ್ದಾರೆ, ಸತ್ಯವೇದನ ಹೆಣ್ಣಿನ ಕಣ್ಣಿಂದ ಓದೋ ಪಾಠ ಸಿಲೆಬಸ್‌ನಲ್ಲೇ ಇದೆ ಅಂತ ಕೇಳಿದ್ದೀನಿ. ಅವರಲ್ಲಿ ಒಬ್ಬರು ಬಂದು ನಮ್ಮ ಸ್ತ್ರೀ ಮಂಡಳಿಯಲ್ಲಿ ಹಾಗರಳ ಕಥೆ ಹೇಳ್ಬೇಕು ಅಂತ ನನ್ನ ಆಸೆ. ಒಡತಿ ಮನೆಯಿಂದ ಮಗು ಎತ್ಕೊಂಡು ನೀರಿಲ್ಲದ ಕಾಡಿಗೆ ಹೊರಟ ಆಳುಹೆಂಗಸಿನ ಕಥೆ ನಮ್ಮ ಲೈನ್ ಮನೆಯವರಿಗೆ ಬಿಡಿಸಿ ಹೇಳ್ಬೇಕಾಗೇ ಇಲ್ಲ.

ನಿಮ್ಮ ಕಷ್ಟಗಳೂ ನಮಗೆ ಅರ್ಥ ಆಗುತ್ತೆ. ಥೀಸಿಸ್ ಇಂಗ್ಲಿಷ್‌ನಲ್ಲೇ ಬರೀಬೇಕು, ಪರೀಕ್ಷೆ ಮಾಡೋರು ಬೇರೆ ರಾಜ್ಯದವರೋ ಬೇರೆ ದೇಶದವರೋ ಆಗಿರ್ತಾರೆ. ಅಧ್ಯಾಪಕರು ಕಮ್ಮಿ, ಒಬ್ಬರೇ ಕ್ಲಾಸು, ಹಾಸ್ಟೆಲ್ಲು, ಭಾನುವಾರದ ಸಭೆ ಎಲ್ಲ ನೋಡ್ಕೊಳ್ಬೇಕು, ಸಂಬಳನೂ ಯೂನಿವರ್ಸಿಟಿಯವರ ಹತ್ರ ಹೋಲಿಸೋ ಹಾಗಿಲ್ಲ. ಇನ್ನೊಂದು ಭಯನೂ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಈಗಿನ ಕಾಲದಲ್ಲಿ ಯಾರು ಎಲ್ಲಿಂದ ಬಂದ್ರು, ಮೊದಲು ಏನಾಗಿದ್ರು ಅಂತ ಬರೆದು ಹಾಕಿದ್ರೆ ಯಾರೋ ಅದನ್ನೇ ಹಿಡ್ಕೊಂಡು ಗಲಾಟೆ ಮಾಡ್ತಾರೇನೋ ಅನ್ನೋ ಭಯ. 2022ರ ಮತಾಂತರ ನಿಷೇಧ ಕಾನೂನು ಬಂದ ಮೇಲೆ ಕೊಡಗಿನಲ್ಲೂ ಮನೆ ಕೂಟ ನಡೆಸೋಕೆ ಹಿಂದೆ ಮುಂದೆ ನೋಡೋ ಹಾಗಾಯ್ತು, ನಮಗೆ ಗೊತ್ತಿದೆ. ಯಾರಿಗೆ ತಮ್ಮ ಹಿನ್ನೆಲೆ ಹೇಳ್ಕೊಳ್ಳೋಕೆ ಇಷ್ಟ ಇಲ್ವೋ ಅವರನ್ನ ಬಲವಂತ ಮಾಡ್ಬೇಡಿ, ಖಂಡಿತ ಬೇಡ. ಆದ್ರೆ ಒಳಗೆ ಏನ್ ಪಾಠ ಆಗುತ್ತೋ ಅಂತ ಹೊರಗಿನವರಿಗೆ ಗೊತ್ತಿಲ್ಲದೆ ಇರೋದ್ರಿಂದಲೇ ಅರ್ಧ ಅನುಮಾನ ಹುಟ್ಟೋದು. ಗ್ರೀಕ್ ಹೀಬ್ರೂ ವ್ಯಾಕರಣ, ಕನ್ನಡ ಸಾಹಿತ್ಯ, ಬಸವಣ್ಣ, ಬುದ್ಧ, ಅಂಬೇಡ್ಕರ್ ಇವರನ್ನೆಲ್ಲ ಓದ್ಕೊಂಡವರು ಅಲ್ಲಿ ಪಾಠ ಮಾಡ್ತಾರೆ ಅಂತ ನನ್ನ ಪಕ್ಕದ ಮನೆಯ ಮಾಚಯ್ಯ ಮಾವನಿಗೆ ಹೇಳಿದಾಗ, ಹೌದಾ, ಹಾಗಾದ್ರೆ 19ನೇ ಶತಮಾನದ ಕೊಡಗಿನ ಕಾಗದಪತ್ರ ಏನಾದ್ರೂ ಅಲ್ಲಿ ಸಿಗ್ಬಹುದಾ ಅಂತ ಕೇಳಿದ್ರು. ಬಲ್ಮಠದ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ ಕಾಲದ ಕನ್ನಡ, ತುಳು ಪುಸ್ತಕಗಳು, ದಾಖಲೆಗಳು ಇವೆ, ಹೋಗಿ ನೋಡಿ ಅಂದೆ. ಅವರ ಮನೆತನದ ಹೆಸರು ಯಾವುದಾದ್ರೂ ವರದಿಯಲ್ಲಿ ಇರ್ಬಹುದು ಅಂತ ಅವರಿಗೆ ಆಸೆ. ಸಭಾ ಚರಿತ್ರೆ ಪಾಠ ಮಾಡೋ ಪ್ರೊಫೆಸರ್‌ಗಳೇ, ಇಂಥವರು ಬಾಗಿಲು ತಟ್ಟಿದಾಗ ಕೂರಿಸಿ ಮಾತಾಡ್ಸಿ.

ಹಾಗಾಗಿ ನಮ್ಮ ಬೇಡಿಕೆ ಹೀಗಿದೆ. ಪ್ರತಿ ಅಧ್ಯಾಪಕರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೀರಿ, ಅವರೇ ಬರೆದ್ರೆ ಇನ್ನೂ ಒಳ್ಳೇದು, ಎಲ್ಲಿ ಬೆಳೆದ್ರು, ಯಾವ ಸಭೆಯಲ್ಲಿ ಕೆಲಸ ಮಾಡಿದ್ರು, ಯಾವ ಪ್ರಶ್ನೆ ಅವರನ್ನ ಓದೋಕೆ ಕೂರಿಸ್ತು, ಈಗ ಏನ್ ಓದ್ತಾ ಇದ್ದಾರೆ. ಥೀಸಿಸ್ ಮುಗಿಸಿದ ಪ್ರತಿಯೊಬ್ಬರೂ ಅದರ ಸಾರನ ಹತ್ತು ಪುಟದಲ್ಲಿ ಎಸ್‌ಎಸ್‌ಎಲ್‌ಸಿ ಓದಿದವರಿಗೆ ಅರ್ಥ ಆಗೋ ಕನ್ನಡದಲ್ಲಿ ಬರೆದು ಸಭಾಪತ್ರಿಕೆಗೆ ಕೊಡ್ಲಿ, ಡಿಗ್ರಿ ಹಿಡ್ಕೊಂಡು ಬಂದ ದಿನನೇ ಇದನ್ನ ಒಂದು ಕರ್ತವ್ಯ ಅಂತ ಮಾಡಿ. ಹೊಸಬರನ್ನ ಅಧ್ಯಾಪಕರಾಗಿ ತಗೊಳ್ಳೋವಾಗ ಹಳ್ಳಿ ಸಭೆ, ತೋಟದ ಸಭೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದಾರಾ ಅಂತ ನೋಡಿ, ಬರೀ ಫಾರಿನ್ ಡಾಕ್ಟರೇಟ್ ನೋಡ್ಬೇಡಿ. ಕಥೋಲಿಕ ಸೆಮಿನರಿಯವರೂ ಪ್ರೊಟೆಸ್ಟೆಂಟ್ ಕಾಲೇಜಿನವರೂ ಈ ಒಂದು ವಿಷಯದಲ್ಲಾದ್ರೂ ಒಟ್ಟಿಗೆ ಕೂತ್ರೆ ನಮಗೆ ಬಹಳ ಸಂತೋಷ, ಇಲ್ಲಿ ನಾವು ಮದುವೆ ಸಾವಿಗೆ ಒಟ್ಟಿಗೇ ಇರ್ತೀವಿ. ಇನ್ನು ವರ್ಷಕ್ಕೆ ಒಂದು ಸಲ ನಿಮ್ಮ ಪ್ರೊಫೆಸರ್‌ಗಳಲ್ಲಿ ಇಬ್ಬರು ಮೂವರು ಕೊಡಗಿಗೆ ಬಂದು ಎರಡು ದಿನ ಇದ್ದು ತಮ್ಮ ಓದಿನ ಬಗ್ಗೆ ಮಾತಾಡ್ಬೇಕು, ಆಮೇಲೆ ಲೈನ್ ಮನೆಗಳಿಗೆ ನಮ್ಮ ಜೊತೆ ಬಂದು ನಮ್ಮವರ ಮಾತನ್ನ ಕೇಳ್ಬೇಕು. ಕಾಲೇಜಿನವರು ಖರ್ಚು ಹಾಕ್ಬೇಕಿಲ್ಲ. ಉಳ್ಕೊಳ್ಳೋಕೆ ಮನೆ ಇದೆ, ಊಟಕ್ಕೆ ಅಕ್ಕಿರೊಟ್ಟಿ, ಕಡುಬು, ಕೋಳಿ ಸಾರು ಇದೆ, ಬಸ್ ಸ್ಟ್ಯಾಂಡಿಗೆ ಜೀಪ್ ಕಳಿಸ್ತೀವಿ.

ದಿನ ಗೊತ್ತು ಮಾಡೋವಾಗ ಮಾತ್ರ ಒಂದು ನೆನಪಿಟ್ಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ರಸ್ತೆ ಯಾವಾಗ ಬಂದ್ ಆಗುತ್ತೋ ಹೇಳೋಕಾಗಲ್ಲ, ಸಂಪಾಜೆ ಘಾಟಿಯಂತೂ ನಂಬೋ ಹಾಗೇ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್ ತನಕ ಕಾಫಿ ಕುಯ್ಲು, ಆಗ ಬಂದ್ರೆ ತೋಟದ ಮಾಲೀಕರೂ ಸಿಗಲ್ಲ, ಕೆಲಸದವರಂತೂ ಸಿಗೋದೇ ಇಲ್ಲ, ಯಾರಿಗಾಗಿ ಬರ್ಬೇಕೋ ಅವರೇ ಇರಲ್ಲ. ಈಸ್ಟರ್ ಆದ್ಮೇಲೆ ಏಪ್ರಿಲ್ ಕೊನೇಲಿ ಇಟ್ಕೊಂಡ್ರೆ ಸರಿಯಾಗುತ್ತೆ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಮೇಲೆ, ಯಾಕಂದ್ರೆ ಆನೆ ಕಾಟ ಇರೋದ್ರಿಂದ ದೂರದ ಲೈನ್‌ನವರು ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು. ಯಾವ ಪ್ರೊಫೆಸರ್ ಬರ್ತಾರೆ, ಏನ್ ವಿಷಯ ಅಂತ ಒಂದು ತಿಂಗಳು ಮುಂಚೆ ತಿಳಿಸಿದ್ರೆ ಸಾಕು, ಮಿಕ್ಕಿದ್ದು ನಾವು ನೋಡ್ಕೊಳ್ತೀವಿ.

ಇಂತಿ ನಿಮ್ಮ ವಿಶ್ವಾಸಿ,
ಸಿದ್ದಾಪುರ ಕಡೆಯ ಒಬ್ಬ ಸಂಡೇ ಸ್ಕೂಲ್ ಟೀಚರ್, ಕೊಡಗು